ತಮ್ಮನ ಅಂಗಡಿಯ ಸರ್ವರ್

ಸರ್ವರ್ ಅಂದರೆ ಗಾಜಿನ ಕೋಣೆ, ತಣ್ಣನೆ ಗಾಳಿ, ನೀಲಿ ದೀಪ ಅಂದುಕೊಂಡಿದ್ದರೆ ನಮ್ಮ ಬೀದಿಗೆ ಬಂದು ನೋಡಿ. ಔಷಧಿ ಅಂಗಡಿಯವನು ಲೆಕ್ಕವೆಲ್ಲ ತುಂಬಿಟ್ಟ ಆ ಕಂಪ್ಯೂಟರನ್ನು ಕಕ್ಕಸಿನ ಬಾಗಿಲ ಹಿಂದೆ ಇಟ್ಟು, ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕಿದ್ದಾನೆ. ಅಚ್ಚಿನ ಮನೆಯವನದು ಮೆಟ್ಟಿಲ ಕೆಳಗಿದೆ. ಅದರ ಫ್ಯಾನಿನಿಂದ ಒಂದು ಸಲ ಸತ್ತ ಹಲ್ಲಿ ಬಂತು, ಇನ್ನೊಂದು ಸಲ ಬರೀ ಬಾಲ. ಥೂ! ಇಂಥ ಗಲೀಜಿನಲ್ಲಿ ಮಂಡಿಯೂರಿ, ಮೂಗಿಗೆ ಕರವಸ್ತ್ರ ಕಟ್ಟಿ, ಬ್ರಷ್ಷಿನಿಂದ ಧೂಳು ತೆಗೆದು, ಆಮೇಲೆ ಅಪ್‌ಡೇಟ್ ಹಾಕಿ ಬರುವುದು ನನ್ನ ಗಂಡನ ಕೆಲಸ. ಹರಿದ ಕಡೆ ತೇಪೆ ಹಚ್ಚುವವರೆಂದು ಬೀದಿಯವರು ಇವರಿಗೆ ತೇಪೆ ಅಂತಲೇ ಹೆಸರಿಟ್ಟಿದ್ದಾರೆ. ಇವರಿಗೆ ಅದಕ್ಕೂ ಬೇಜಾರಿಲ್ಲ.

ಯಾವುದಕ್ಕೂ ಬೇಜಾರಿಲ್ಲ ಎನ್ನುವುದೇ ನನಗೆ ಮೈಯುರಿ. ಇವರ ಫೋನು ನೋಡಿಕೊಳ್ಳುವವಳು ನಾನು, ಆದ್ದರಿಂದ ಜನರ ವರಾತ ಕೇಳುವವಳೂ ನಾನೇ. "ಅಕ್ಕಾ, ಈ ವಾರ ಬೇಡ ಅಂತ ಹೇಳಿ. ಚೆನ್ನಾಗೇ ಓಡ್ತಾ ಇದೆ, ಸುಮ್ನೆ ಯಾಕೆ ಕೆರೀಬೇಕು?" ಕಳ್ಳರು ನುಗ್ಗುವ ಸಂದು ಮುಚ್ಚೋಕೆ ಕಣಪ್ಪಾ ಎಂದರೆ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಇವರು ಮಾತ್ರ ಮತ್ತೆ ಮತ್ತೆ ಹೋಗಿ, ಬೇಡಿಕೊಂಡು, ಹಾಕಿ ಬರುತ್ತಾರೆ. ನಮ್ಮ ಅಂಗಡಿ ಉಳಿಸಿ ಅಂತ ಅವರು ಬೇಡಬೇಕೋ, ಉಳಿಸುತ್ತೇನೆ ಬಿಡಿ ಅಂತ ಇವರು ಬೇಡಬೇಕೋ?

ಅದೇ ಬೀದಿಯಲ್ಲಿ ನನ್ನ ತಮ್ಮನ ಕನ್ನಡಕದ ಅಂಗಡಿ. ಮೇಲೆ ಮನೆ, ಕೆಳಗೆ ವ್ಯಾಪಾರ. ಹಿಂದಿನ ಕೋಣೆಯಲ್ಲಿ ಕೈ ತೊಳೆಯುವ ಬೇಸಿನ್ನಿನ ಕೆಳಗೆ ಸರ್ವರ್. ಬೀದಿಯ ಅರ್ಧ ಜನರ ಕಣ್ಣಿನ ನಂಬರು ಅದರೊಳಗಿದೆ. ಅದರ ಪಕ್ಕದಲ್ಲೇ ಒಂದು ಸ್ಟೂಲು ಹಾಕಿಕೊಂಡು ನಮ್ಮಮ್ಮ ಕನ್ನಡಕ ಒರೆಸುವ ಬಟ್ಟೆಗಳನ್ನು ಕತ್ತರಿಸಿ ಮಡಚುತ್ತಾ ಕೂತಿರುತ್ತಾಳೆ. ಮಗ ಇಟ್ಟುಕೊಂಡಿದ್ದಾನಲ್ಲ, ಸುಮ್ಮನೆ ಕೂತು ತಿನ್ನಬಾರದಂತೆ. ಹಾಗೆಂದವನು ಮಗನೇ.

ಆವತ್ತು ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿದಾಗ ಇವರು ಅಪ್‌ಡೇಟ್ ಶುರುಮಾಡಿದರು. ಆರಿಸಬೇಡಿ ಅಂತ ಪರದೆಯ ಮೇಲೆ ಬಂದಿತ್ತು, ತಮ್ಮನಿಗೆ ಬಾಯಲ್ಲೂ ಹೇಳಿದರು. ಅರ್ಧದಲ್ಲಿ ಕರೆಂಟು ತಪ್ಪಿದರೆ ಮತ್ತೆ ಏಳುವುದಿಲ್ಲ ಎಂದು ಬಿಡಿಸಿ ಹೇಳಿ, ಅದು ಮುಗಿಯುವಷ್ಟರಲ್ಲಿ ಅಚ್ಚಿನ ಮನೆಯದನ್ನೂ ನೋಡಿ ಬರೋಣವೆಂದು ಹೋದರು. ವಾಪಸು ಬಂದರೆ ಸರ್ವರ್ ಹೆಣದ ಹಾಗೆ ಬಿದ್ದಿದೆ. ಎರಡು ಹಗಲು ಬೇಸಿನ್ನಿನ ಕೆಳಗೆ ಬೆನ್ನು ಬಗ್ಗಿಸಿ, ಮುಂಚೆಯೇ ತೆಗೆದಿಟ್ಟಿದ್ದ ನಕಲಿನಿಂದ ಎಲ್ಲವನ್ನೂ ವಾಪಸು ತಂದರು. ಒಂದು ನಂಬರೂ ಕಳೆದಿರಲಿಲ್ಲ.

ಅಷ್ಟರಲ್ಲಿ ನನ್ನ ತಮ್ಮ ಬೀದಿಯೆಲ್ಲ ಡಂಗುರ ಹೊಡೆದಿದ್ದ. "ನಮ್ಮ ಭಾವ ಅಪ್‌ಡೇಟ್ ಹಾಕಿ ನನ್ನ ಅಂಗಡೀನೇ ಮಲಗಿಸಿಬಿಟ್ರು. ಹುಷಾರಪ್ಪಾ!" ಅಚ್ಚಿನ ಮನೆಯವನು ಇನ್ನು ಬರಬೇಡಿ ಎಂದ. ಬೀಗದ ಅಂಗಡಿಯವನು ಫೋನೇ ಎತ್ತಲಿಲ್ಲ. ಇವರ ಕೆಲಸವೆಲ್ಲ ಆ ಒಂದು ಬೀದಿಯಲ್ಲಿ. ಅಲ್ಲಿ ಹೆಸರು ಕೆಟ್ಟರೆ ಇವರು ಬ್ರಷ್ಷು ಹಿಡಿದು ಮನೆಯ ಧೂಳು ಹೊಡೆಯಬೇಕು, ಅಷ್ಟೆ.

ಅಮ್ಮ ನನಗೆ ಮೆಟ್ಟಿಲ ಮೇಲೆ ಪಿಸುಗುಟ್ಟಿದಳು. "ಅವನೇ ಪ್ಲಗ್ ಕಿತ್ತ ಕಣೇ, ಶರ್ಟು ಇಸ್ತ್ರಿ ಮಾಡ್ಕೊಳ್ಳೋಕೆ. ವರ್ತಕರ ಮೀಟಿಂಗ್ ಇತ್ತಲ್ಲ. ಬೇಡ ಕಣೋ ಅಂದೆ. ನೀ ಸುಮ್ನಿರು ಅಂದ. ಯಾರಿಗೂ ಹೇಳ್ಬೇಡ ಮಾರಾಯ್ತಿ."

ಶರ್ಟಿಗೆ! ಮೇಲೆ ಮನೆ ತುಂಬ ಪ್ಲಗ್ ಇದ್ದರೂ ಮೆಟ್ಟಿಲು ಹತ್ತುವ ಸೋಮಾರಿತನಕ್ಕೆ! ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಇವರೆದುರು ಕೂಗಾಡಿದೆ.

"ಗೊತ್ತು ಕಣೇ," ಎಂದರು. "ಕರೆಂಟು ತಪ್ಪಿದ್ದು ಆ ಒಂದು ಪ್ಲಗ್ಗಿಗೆ ಮಾತ್ರ ಅಂತ ಅವತ್ತೇ ನೋಡ್ದೆ."

"ಮತ್ತೆ ಯಾಕ್ರೀ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರ? ಗೂಬೆ ತಂದು ನಿಮ್ಮ ತಲೆ ಮೇಲೆ ಕೂರಿಸಿದಾನೆ!"

"ಅತ್ತೆ ಇರೋದು ಅವನ ಮನೇಲಿ. ನೀನೇನೋ ಬೈದು ಬಂದ್ಬಿಡ್ತೀಯ. ಆಮೇಲೆ ಅವರ ಗತಿ?"

ಈ ಒಳ್ಳೆಯತನವೂ ನನಗೆ ಅಸಹ್ಯವೆನಿಸಿತು, ಸುಳ್ಳೇಕೆ ಹೇಳಲಿ.

ಮಾರನೆಯ ದಿನ ತಮ್ಮನ ಅಂಗಡಿಗೆ ಇವರ ಜೊತೆ ನಾನೂ ಹೋದೆ, ಉಳಿದಿದ್ದ ಉಪಕರಣ ತರುವುದಕ್ಕೆ. ಗಿರಾಕಿಗಳ ನಡುವೆ, ಕೌಂಟರಿಗೆ ಒರಗಿಕೊಂಡು ಔಷಧಿ ಅಂಗಡಿಯವನು ನಿಂತಿದ್ದ. ಇವರ ಮುಖ ನೋಡದೆ, "ನಾನೂ ಬೇರೆಯವರನ್ನ ನೋಡ್ಕೊಂಡೆ ತೇಪೆ, ತಪ್ಪು ತಿಳ್ಕೋಬೇಡ," ಎಂದ. ಲೆನ್ಸು ಒರೆಸುತ್ತಿದ್ದ ತಮ್ಮ ಹಲ್ಲು ಕಿರಿದ. ಆ ಹಲ್ಲು ಕಂಡದ್ದೇ ತಡ, ನನಗೆ ತಡೆಯಲಾಗಲಿಲ್ಲ.

"ಪ್ಲಗ್ ಕಿತ್ತೋನು ನೀನು ಕಣೋ, ನಾಚಿಕೆಗೆಟ್ಟೋನೆ! ಶರ್ಟು ಇಸ್ತ್ರಿ ಮಾಡೋಕೆ!"

"ನಾನಾ? ಅಮ್ಮ ಅಲ್ಲೇ ಇದ್ಲಲ್ಲ, ಅವಳನ್ನೇ ಕೇಳಿ," ಎಂದು ಅವನು ಎದೆಯುಬ್ಬಿಸಿ ಕರೆದ. "ಅಮ್ಮಾ, ಬಾ ಇಲ್ಲಿ. ನಾನು ಮುಟ್ಟಿದ್ನಾ ಆ ಪ್ಲಗ್ಗನ್ನ? ಹೇಳು."

ಅಮ್ಮ ಸೆರಗಿಗೆ ಅಂಟಿದ್ದ ನೂಲಿನ ಎಳೆ ಕೊಡವಿಕೊಂಡು ಬಂದಳು. ಇವರು ಬೇಡವೆಂಬಂತೆ ಅವಳಿಗೆ ತಲೆಯಾಡಿಸಿದರು. ಅವಳು ಅದನ್ನು ನೋಡಿದಳು. ನೋಡಿಯೂ, "ನೀನೇ ಕಿತ್ತಿದ್ದು. ಬೇಡ ಅಂದ್ರೂ ಕಿತ್ತೆ," ಎಂದಳು.

ಔಷಧಿ ಅಂಗಡಿಯವನು ಕೆಮ್ಮಿದ. "ಹಂಗಾದ್ರೆ ನಾಳೆ ಬಂದು ನಮ್ಮದಕ್ಕೂ ಹಾಕ್ಬಿಡು ತೇಪೆ," ಎಂದು, ಏನೂ ಆಗದವನ ಹಾಗೆ ಮೆಲ್ಲಗೆ ಜಾಗ ಖಾಲಿ ಮಾಡಿದ.

ತಮ್ಮನ ಮುಖ ಕಪ್ಪಿಟ್ಟಿತು. "ಮಗಳೇ ಹೆಚ್ಚಾದ್ಲಾ? ಹಂಗಾದ್ರೆ ಅವಳ ಮನೇಗೇ ನಡಿ," ಎಂದ ಅಮ್ಮನಿಗೆ. ಹೆತ್ತವಳಿಗೆ, ಗಿರಾಕಿಗಳ ಮುಂದೆ! ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಅಮ್ಮ ಮೇಲೆ ಹೋಗಿ ಒಂದು ಕೈಚೀಲ ತಂದಳು. ಅಷ್ಟು ವರ್ಷ ಇದ್ದ ಮನೆಯಿಂದ ಒಂದೇ ಕೈಚೀಲ. ಅದನ್ನು ನಾನು ಇಸಿದುಕೊಂಡೆ.

ಹೊರಡುವಾಗ ತಲೆ ಎತ್ತದೆಯೇ ತಮ್ಮ ಕೂಗಿದ. "ಭಾವಾ, ಹೋಗೋಕ್ ಮುಂಚೆ ಸರ್ವರ್ ಪಾಸ್‌ವರ್ಡ್ ಹೇಳಿ ಹೋಗಿ."

ಥೂ, ಇವನ ಜನ್ಮಕ್ಕಿಷ್ಟು! ಹೇಳಬೇಡಿ ಎಂದು ನಾನು ಇವರ ತೋಳು ಜಗ್ಗಿದೆ. ಇವರು ಬಿಡಿಸಿಕೊಂಡು ಹೋಗಿ, ಬಾಗಿಲ ಮೂಲೆಯಲ್ಲಿದ್ದ ಅಮ್ಮನ ಚಪ್ಪಲಿಗಳನ್ನು ಎತ್ತಿಕೊಂಡು ಬಂದರು. ಬಗ್ಗಿ ಅವಳ ಪಾದದ ಮುಂದೆ ಜೋಡಿಸಿಟ್ಟರು. ಬಗ್ಗಿದಲ್ಲಿಂದಲೇ, "ದೊಡ್ಡ ಕೆ, ಚಿಕ್ಕ ಆರ್, ಏಳು, ಮತ್ತೆ ಏಳು," ಎಂದು ನಿಧಾನವಾಗಿ, ತಪ್ಪಿಲ್ಲದೆ ಹೇಳತೊಡಗಿದರು. ತಮ್ಮ ಬರೆದುಕೊಳ್ಳುತ್ತಿದ್ದ. ಅಮ್ಮ ಇವರ ಹೆಗಲು ಹಿಡಿದುಕೊಂಡು ಚಪ್ಪಲಿ ಮೆಟ್ಟಿದಳು.