ಬಾಣಂತಿ ನೀರು

ಹೋದ ತಿಂಗಳು ನನ್ನ ಮಗಳು ದಾವಣಗೆರೆಯಲ್ಲಿ ನನ್ನನ್ನು ಒಂದು ಮರದ ಪೆಟ್ಟಿಗೆಯೊಳಗೆ ಕೂಡಿಹಾಕಿದಳು. ಗಾಬರಿಯಾಗಬೇಡಿ, ತಾನೂ ಜೊತೆಗೇ ಕೂತಿದ್ದಳು. ಅದಕ್ಕೆ ಸೌನಾ ಅಂತ ಹೆಸರಂತೆ. ನನಗೆ ಈಚೆಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ ಎಂದು ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಬಾಗಿಲ ಪಕ್ಕದಲ್ಲೊಂದು ಬೋರ್ಡು: ಬಿಸಿಯಲ್ಲಿ ಕೂತರೆ ಮೆದುಳಿಗೆ ವಿಶ್ರಾಂತಿ, ಮನಸ್ಸು ಹಗುರ, ಸುಖನಿದ್ದೆ. ಅಲ್ಲಿನ ಹುಡುಗಿ ಒಂದು ಸೌಟು ನೀರನ್ನು ಕಾದ ಕಲ್ಲುಗಳ ಮೇಲೆ ಸುರಿದು ಬಾಗಿಲು ಹಾಕಿಕೊಂಡು ಹೋದಳು. ಕಾದ ಕಲ್ಲು ನೆನೆದ ವಾಸನೆ ಮೂಗಿಗೆ ಬಂತು ನೋಡಿ, ನನಗೆ ತಡೆಯಲಾರದಷ್ಟು ನಗು.

ಈ ವಾಸನೆ ನನಗೆ ಗೊತ್ತು. ಮೊಳಕಾಲ್ಮೂರಿನ ನಮ್ಮ ತವರುಮನೆಯ ಬಚ್ಚಲಿನದು. ಇಡೀ ಮನೆಗೆ ಅದೊಂದೇ ಕತ್ತಲೆ ಕೋಣೆ. ಕರೀ ಚಪ್ಪಡಿ ಹಾಸಿದ ನೆಲ, ಮೂಲೆಯಲ್ಲಿ ಹೂತಿಟ್ಟ ತಾಮ್ರದ ಹಂಡೆ, ಅದರ ಬಾಯಿಂದ ಸದಾ ಹಬೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚೊಚ್ಚಲ ಬಾಣಂತಿಯಾಗಿ ಅಲ್ಲಿದ್ದೆ. ಗಂಡನ ಮನೆ ಚಳ್ಳಕೆರೆ, ಎಣ್ಣೆ ಮಿಲ್ಲಿನವರು. ಮೊಮ್ಮಗಳು ಹುಟ್ಟಿದ್ದಕ್ಕೆ ಬೀಗರು ಬೆಳ್ಳಿ ಬಟ್ಟಲು ಕಳಿಸುತ್ತಾರೆಂದು ನಮ್ಮವ್ವ ಕಾದದ್ದೇ ಕಾದದ್ದು. ಬಸ್ಸಿನ ಟಾಪಿನ ಮೇಲೆ ಬಂದದ್ದು ನಾಲ್ಕು ಚೀಲ ಶೇಂಗಾ ಹೊಟ್ಟು! ಬಾಣಂತಿಗೆ ನೀರು ಕಾಯಿಸಲಿಕ್ಕೆ. ಅವ್ವ ಮೂರು ದಿನ ಮುಖ ಊದಿಸಿಕೊಂಡಿದ್ದಳು. ಆದರೆ ಹೊಟ್ಟಿನ ಉರಿ ಸೌದೆಗಿಂತ ಹದವಾಗಿ ನಿಲ್ಲುತ್ತದೆಂಬುದನ್ನು ಅವಳೂ ಒಪ್ಪಲೇಬೇಕಾಯಿತು.

ನೀರು ಹಾಕಲಿಕ್ಕೆ ಬರುತ್ತಿದ್ದವಳು ನರಸಮ್ಮ, ನಮ್ಮ ಹಿಂದಿನ ಬೀದಿಯ ನೇಕಾರರ ಮನೆಯವಳು. ಆಗಲೇ ಅರವತ್ತು ದಾಟಿದ್ದಿರಬೇಕು. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ, ಬೈಯುವಾಗ ಎರಡೂ. ಸೀರೆ ನೇಯುವ ಮೊದಲು ಹಸಿ ರೇಷ್ಮೆಯ ನೂಲನ್ನು ಸೋಪಿನ ನೀರಲ್ಲಿ ಕುದಿಸಿ ಅಂಟು ಬಿಡಿಸುತ್ತಾರಲ್ಲ, ಆ ಕೆಲಸವನ್ನು ಹುಡುಗಿಯಾಗಿದ್ದಾಗಿನಿಂದ ಮಾಡಿದವಳು. ನೀರಿನ ಬಿಸಿ ಅವಳ ಮೊಣಕೈಗೆ ಗೊತ್ತಾಗುತ್ತಿತ್ತು. ಹಂಡೆಯಲ್ಲಿ ಮೊಣಕೈ ಅದ್ದಿ, ಒಂದು ಕ್ಷಣ ಕಣ್ಣು ಮುಚ್ಚಿ, "ಇನ್ನೊಂದು ಹಿಡಿ ಹೊಟ್ಟು ಹಾಕ್ರಿ" ಅಂದರೆ ಮುಗಿಯಿತು, ಯಾರೂ ಎದುರಾಡುವಂತಿಲ್ಲ.

ಇನ್ನು ನಾನು ಹೇಳಬೇಕಾದ ವಿಷಯ. ಹೇಳಲು ಈಗಲೂ ನಾಲಿಗೆ ಹಿಂದೆಗೆಯುತ್ತದೆ. ನನಗೆ ಆ ಕೂಸು ಬೇಕಾಗಿರಲಿಲ್ಲ. ಹೆಣ್ಣೆಂದಲ್ಲ, ಗಂಡಾಗಿದ್ದರೂ ಅಷ್ಟೇ. ಹೆತ್ತ ಮೇಲೆ ಒಳಗೆ ಏನೋ ಆರಿಹೋಗಿತ್ತು. ಹಾಲು ಕುಡಿಸು ಅಂದರೆ ಕುಡಿಸುತ್ತಿದ್ದೆ, ಗೋಡೆ ನೋಡಿಕೊಂಡು. ಅದು ಅತ್ತರೆ ಪಕ್ಕದ ಮನೆಯ ಕೂಸು ಅತ್ತಂತೆ. ಬಂದವರೆಲ್ಲ "ಎಷ್ಟು ತಣ್ಣನೆ ಹುಡುಗಿರೀ, ಒಂಚೂರು ಗಾಬರಿ ಇಲ್ಲ" ಎಂದು ನನ್ನನ್ನು ಹೊಗಳಿ, ಕಾಫಿ ಕುಡಿದು ಹೋಗುತ್ತಿದ್ದರು. ನಾನು ತಾಯಿಯಲ್ಲ, ರಾಕ್ಷಸಿ ಇರಬೇಕು ಎಂದು ನನಗೆ ಖಾತ್ರಿಯಾಗಿತ್ತು. ಯಾರಿಗೆ ಹೇಳುವುದು? ಅಳೋಣವೆಂದರೆ ಅದಕ್ಕೂ ಅಪ್ಪಣೆಯಿಲ್ಲ. ಬಾಣಂತಿ ಅತ್ತರೆ ಹಾಲು ಬತ್ತುತ್ತದೆ, ಕಣ್ಣು ಮಂಜಾಗುತ್ತದೆ ಎಂದು ಅವ್ವನ ಕಟ್ಟಪ್ಪಣೆ.

ಅವ್ವ ಪೆದ್ದಿಯಲ್ಲ. ಏನೋ ಸರಿಯಿಲ್ಲ ಎಂದು ಅವಳ ಹೆತ್ತ ಕರುಳಿಗೆ ಗೊತ್ತಾಯಿತು. ಆದರೆ ನಮ್ಮ ಕಡೆ ಬಾಣಂತಿಗೆ ಇರುವುದು ಒಂದೇ ಕಾಯಿಲೆ. "ಥಂಡಿ ಹೊಕ್ಕೈತೆ ನರಸಮ್ಮ, ತಲೆಗೇ ಹೊಕ್ಕೈತೆ" ಅಂದಳು. ನನ್ನ ಕಿವಿಗೆ ಹತ್ತಿ ಬಂತು, ತಲೆಗೆ ಅಪ್ಪನ ಮಫ್ಲರ್ ಬಂತು, ಬಿರುಬಿಸಿಲಿನ ಮೊಳಕಾಲ್ಮೂರಿನಲ್ಲಿ! ಆರು ಕೊಡದ ನೀರು ಹನ್ನೆರಡಾಯಿತು. ರೋಗ ಒಂದು, ಅವ್ವ ಹಿಡಿದದ್ದು ಇನ್ನೊಂದು. ಆದರೂ ಔಷಧಿ ನನಗೆ ತಾಗಿತು.

ಹೇಗೆ ಅಂತೀರಾ? ದಿನಾ ಬೆಳಿಗ್ಗೆ ಹರಳೆಣ್ಣೆ ತಿಕ್ಕಿ, ಬೆನ್ನಿನ ಮೇಲೆ ಚರ್ಮ ಕೆಂಪಾಗುವಷ್ಟು ಬಿಸಿನೀರನ್ನು ಬೀಸಿ ಬೀಸಿ ಎರಚುತ್ತಿದ್ದಳು ನರಸಮ್ಮ. ಆಮೇಲೆ ಹಗ್ಗದ ಮಂಚದ ಮೇಲೆ ಮಲಗಿಸಿ, ಕೆಳಗೆ ಕೆಂಡ, ಲೋಬಾನದ ಹೊಗೆ, ಮೇಲೆ ಎರಡು ಕಂಬಳಿ. ಬೆವರು ಕಿತ್ತುಕೊಂಡು ಬರುತ್ತಿತ್ತು. ಆ ಒಂದು ಗಂಟೆ ತಲೆಯೊಳಗಿನ ಗಿರಣಿ ನಿಲ್ಲುತ್ತಿತ್ತು. ಮೈ ಅಷ್ಟು ಬಿಸಿಯಾದಾಗ ಮನಸ್ಸಿಗೆ ಬೇರೇನೂ ಯೋಚಿಸಲು ಪುರಸೊತ್ತಿರುವುದಿಲ್ಲ. ಹೆರಿಗೆಯಾದಾಗಿನಿಂದ ಬಾರದ ನಿದ್ದೆ ಆ ಕಂಬಳಿಯ ಕೆಳಗೆ ಬಂತು. ಇನ್ನೊಂದು ಮಾತು: ಎಲ್ಲರೂ ನನ್ನ ಬಳಿ ಕೂಸನ್ನು ನೋಡಲು ಬರುತ್ತಿದ್ದರು. ನನ್ನ ಮೈಯನ್ನು ಮುಟ್ಟಿ ನೋಡಿದವಳು ಅವಳೊಬ್ಬಳೇ.

ಹಾಗೆ ನೀರು ಹೆಚ್ಚಿಸಿದ ಐದನೆಯ ದಿನವೋ ಆರನೆಯ ದಿನವೋ, ನೀರು ಬೀಳುತ್ತಿದ್ದಂತೆಯೇ ನನಗೆ ಅಳು ಒತ್ತರಿಸಿ ಬಂತು. ಹಲ್ಲು ಕಚ್ಚಿ ತಡೆದೆ. ನರಸಮ್ಮನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಹಿತ್ತಾಳೆ ಚೊಂಬನ್ನು ಹಂಡೆಯ ಅಂಚಿಗೆ ಬೇಕೆಂದೇ ಢಣಢಣ ಬಡಿಯುತ್ತಾ, "ಏಡ್ಚೆಯ್ ತಲ್ಲೀ" ಅಂದಳು. ಅತ್ತುಬಿಡು ತಾಯಿ. "ನಿಮ್ಮವ್ವಗೆ ನೀರಿನ ಸದ್ದೇ ಕೇಳ್ಸಾದು. ನೂಲಿನ ಅಂಟು ಬಿಡಾಕೆ ಒಂದು ಗಂಟೆ ಬೇಕು. ಮನುಷ್ಯರಿಗೆ ಇನ್ನಾ ಜಾಸ್ತಿ ಹಿಡೀತೈತೆ." ಅಂದಿನಿಂದ ನನ್ನ ಅಳು ಆ ಬಚ್ಚಲಿನ ದಿನಚರಿಯಾಯಿತು. ಹೊರಗಿನಿಂದ ಅವ್ವ, "ಅದೇನು ಚೊಂಬು ನೆಗ್ಗಿಸ್ತೀಯಾ ನರಸಮ್ಮ!" ಎಂದು ಕೂಗುವಳು. ಪಾಪ, ಚೊಂಬು ನಿಜವಾಗಿಯೂ ನೆಗ್ಗಿತ್ತು.

ಹೆರಿಗೆಯಾದ ಹದಿನೆಂಟನೆಯ ದಿನ, ನನಗೆ ಹನ್ನೆರಡು ಕೊಡ ಹಾಕಿ ಮುಗಿಸಿದ ಮೇಲೆ ನರಸಮ್ಮ ನನ್ನನ್ನು ಚಪ್ಪಡಿಯ ಮೇಲೆ ಕಾಲು ಚಾಚಿಸಿ ಕೂರಿಸಿದಳು. ಎಣ್ಣೆ ಸವರಿದ ಕೂಸನ್ನು ತಂದು ನನ್ನ ಮೊಣಕಾಲ ಮೇಲೆ ಬೋರಲು ಹಾಕಿ, "ನಂಗೆ ಸೊಂಟ ಹಿಡ್ದೈತೆ. ಇವತ್ತು ನೀನೇ ಹಿಡ್ಕ, ನಾನು ನೀರು ಬಿಡ್ತೀನಿ" ಅಂದಳು. ನಾನು ಒಲ್ಲೆ ಎನ್ನುವಷ್ಟರಲ್ಲಿ ಕೂಸು ಕಾಲ ಮೇಲಿಂದ ಜಾರಿತು. ಎರಡೂ ಕೈಯಲ್ಲಿ ಬಾಚಿ ಹಿಡಿದೆ. ಪ್ರೀತಿ ಉಕ್ಕಿ ಹರಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗಾದದ್ದು ಹೆದರಿಕೆ. ಇದಕ್ಕೆ ಏನಾದರೂ ಆದರೆ ಎಂಬ ಹೆದರಿಕೆ. ಆ ಹದಿನೆಂಟು ದಿನದಲ್ಲಿ ಅದೂ ಆಗಿರಲಿಲ್ಲ. ಆಗ ಅದರ ಮುಖ ನೋಡಿದೆ. ನಮ್ಮಪ್ಪನ ಮೂಗು! ಇಷ್ಟು ದಿನ ಯಾರೂ ಹೇಳಿರಲಿಲ್ಲವೋ, ಹೇಳಿದ್ದು ನನಗೆ ಕೇಳಿರಲಿಲ್ಲವೋ. ಸೊಂಟ ಹಿಡಿದಿದ್ದ ನರಸಮ್ಮ ಅವತ್ತು ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಅಂಗಳ ದಾಟಿ ಹೋದದ್ದನ್ನು ನೋಡಿ ನನಗೆ ನಗು ಬಂತು.

ಬಿಸಿನೀರೊಂದೇ ನನ್ನನ್ನು ಉಳಿಸಿತು ಎಂದು ನಾನು ಹೇಳುವುದಿಲ್ಲ. ನನ್ನೊಳಗಿನ ಗಂಟು ಚೊಂಬಿನ ಸದ್ದಿಗೆ ಕರಗುವಷ್ಟೇ ಇತ್ತು, ಕರಗಿತು. ಹಾಗೆ ಕರಗದವರೂ ಇದ್ದಾರೆ. ನನ್ನ ತಪ್ಪು ಆಮೇಲಿನದು. ಕೂಸು ಬೆಳೆದ ಮೇಲೆ, "ನಿನ್ನ ಹೆತ್ತ ಗಳಿಗೆಯಿಂದ ಎದೆಯಿಂದ ಇಳಿಸಿಲ್ಲ ಕಣೇ" ಎಂದು ಸಿಕ್ಕಾಗಲೆಲ್ಲ ಹೇಳಿದೆ. ಮೂರು ವರ್ಷದ ಹಿಂದೆ ಅವಳೇ ಬಾಣಂತಿಯಾದಾಗ, ಗೀಸರಿನ ಎರಡು ಬಕೆಟ್ ನೀರು ಹಾಕುತ್ತಾ ಅದನ್ನೇ ಇನ್ನೂ ಜೋರಾಗಿ ಹೇಳಿದೆ.

"ಯಾಕವ್ವ, ಒಬ್ಳೇ ನಗ್ತಿದೀಯ?" ಎಂದು ಮರದ ಪೆಟ್ಟಿಗೆಯೊಳಗೆ ಮಗಳು ಕೇಳಿದಳು. ಬಿಸಿಗೆ ನನ್ನ ಬಾಯಿ ಸಡಿಲವಾಗಿತ್ತೋ ಏನೋ, ಹೇಳಿಬಿಟ್ಟೆ. ಗೋಡೆ ನೋಡಿಕೊಂಡು ಹಾಲು ಕುಡಿಸಿದ್ದು, ರಾಕ್ಷಸಿ ಅಂದುಕೊಂಡದ್ದು, ಹದಿನೆಂಟು ದಿನ ಅವಳ ಮುಖವನ್ನೇ ನೋಡದೆ ಇದ್ದದ್ದು, ಎಲ್ಲ. ಹೇಳಿ, ಅವಳು ಎದ್ದು ಹೋಗುತ್ತಾಳೆಂದು ಕಾದೆ.

ಅವಳು ಎದ್ದು ಹೋಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, "ನಂಗೂ ಹಂಗೇ ಆಗಿತ್ತವ್ವ" ಅಂದಳು. "ಆರು ತಿಂಗ್ಳು. ನೀನು ಅಷ್ಟು ಚೆನ್ನಾಗಿ ಸಾಕ್ದೆ ಅಂತಿದ್ಯಲ್ಲ, ನಿನ್ ಹತ್ರ ಹೆಂಗೆ ಹೇಳ್ಳಿ? ಆಮೇಲೆ ಡಾಕ್ಟರ್ ಹತ್ರ ಹೋದೆ. ಈಗ ಸರಿಯಾಗೈತೆ."

"ಯಾರ ಜೊತೆ ಹೋಗಿದ್ದೆ?"

"ಒಬ್ಳೇ."

ಹೊರಗಿನ ಹುಡುಗಿ ಬಾಗಿಲು ತಟ್ಟಿ, ಟೈಮ್ ಆಯ್ತು ಆಂಟಿ ಎಂದಳು. ಮಗಳು ಟವೆಲ್ ತಗೊಂಡು ಏಳಲು ಹೋದಳು. ನಾನು ಅವಳ ಮುಂಗೈ ಹಿಡಿದು ಕೂರಿಸಿ, "ಕೂತ್ಕ. ಮೊದಲನೇ ದಿನದಿಂದ ಹೇಳು" ಅಂದೆ.