ಅತ್ತೆಯವರು ಆರಿಸಿದ ರೇಡಿಯೋ

ನನ್ನ ಅತ್ತೆಯವರ ಜೊತೆ ಸೀರೆ ಅಂಗಡಿಗೆ ಹೋದರೆ ಐದು ನಿಮಿಷದ ಕೆಲಸ. ಮೊದಲು ತೋರಿಸಿದ್ದನ್ನೇ ಕಟ್ಟಿಸಿಕೊಂಡು ಬಂದುಬಿಡುವವರು. ಅಂಥವರು ಒಂದು ರೇಡಿಯೋಗಾಗಿ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಉದ್ದಕ್ಕೂ ನನ್ನನ್ನು ಅಲೆದಾಡಿಸಿದ್ದನ್ನು ನೆನೆದರೆ ಈಗಲೂ ಕಾಲು ಜುಮ್ಮೆನ್ನುತ್ತದೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೂ ಹೇಳುತ್ತೇನೆ, ಆ ಒಂದು ವಾರದಲ್ಲಿ ಅವರನ್ನು ಮೆಚ್ಚಿಕೊಂಡಷ್ಟು ನಾನು ಬೇರೆ ಯಾರನ್ನೂ ಮೆಚ್ಚಿಕೊಂಡಿಲ್ಲ.

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಕುರ್ಲಾದ ಒಂದು ಚಾಳಿನಲ್ಲಿ, ಒಂದೇ ಖೋಲಿಯ ಮನೆಯಲ್ಲಿ, ನಾನು, ನನ್ನ ಗಂಡ, ಅತ್ತೆ ಇದ್ದೆವು. ನಾವಿಬ್ಬರೂ ಆಫೀಸಿಗೆ ಹೋಗುವವರು. ಪಕ್ಕದ ಖೋಲಿಗೂ ನಮಗೂ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಅಲ್ಲಿದ್ದವನು ಬಿಜಾಪುರದ ಕಡೆಯವನು, ಬೇಕರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬಂದು ಮಲಗುತ್ತಿದ್ದ. ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಸಂಗೀತ ಕಲಿತಿದ್ದ ಅತ್ತೆ, ಮದುವೆಯಾಗಿ ಈ ಚಾಳಿಗೆ ಬಂದ ಮೇಲೆ ಮನೆಯಲ್ಲಿ ಗಂಟಲು ಬಿಟ್ಟು ಹಾಡಿದ್ದೇ ಇಲ್ಲ. ಒಗ್ಗರಣೆ ಸಿಡಿಯುವಾಗ, ಕುಕ್ಕರ್ ಕೂಗುವಾಗ, ಆ ಸದ್ದಿನ ಮರೆಯಲ್ಲಿ ಎರಡು ಸಾಲು ಗುನುಗಿಕೊಂಡು ಸುಮ್ಮನಾಗುವರು.

ಹಿಂದಿನ ವರ್ಷ ಧಾರವಾಡದಲ್ಲಿ ನೆಂಟರ ಮದುವೆಯಾಗಿತ್ತು. ಆರತಿಯ ಹೊತ್ತಿಗೆ ಅತ್ತೆ ಹಾಡಿದ್ದನ್ನು ಕೇಳಿದ ಹೆಣ್ಣಿನ ಕಡೆಯವರೊಬ್ಬರು ಅಲ್ಲಿನ ರೇಡಿಯೋ ನಿಲಯದಲ್ಲಿ ಕೆಲಸದಲ್ಲಿದ್ದರು. ಧ್ವನಿ ಪರೀಕ್ಷೆ ಮಾಡಿಸಿ, ಎರಡು ದೇವರನಾಮ ರೆಕಾರ್ಡ್ ಮಾಡಿಸಿಕೊಂಡರು. ಆದರೆ ಅದನ್ನು ಇವರಿಗೆ ತಿರುಗಿ ಕೇಳಿಸುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಎಷ್ಟೋ ತಿಂಗಳಾದ ಮೇಲೆ, ಚಳಿಗಾಲದಲ್ಲಿ, ಒಂದು ಕಾರ್ಡು ಬಂತು. ಮುಂದಿನ ಭಾನುವಾರವಲ್ಲ, ಅದರಾಚೆಯ ಭಾನುವಾರ, ಬೆಳಗಿನ ಭಕ್ತಿಗೀತೆಗಳಲ್ಲಿ ಪ್ರಸಾರವಂತೆ.

ನನ್ನ ಗಂಡ ಕುಣಿದಾಡಿಬಿಟ್ಟರು. ಚಾಳಿಗೆಲ್ಲ ಪೇಡೆ ಹಂಚುವ ಮಾತಾಡಿದರು. ಅತ್ತೆ ಮಾತ್ರ ಕಾರ್ಡನ್ನು ದೇವರ ಗೂಡಿನಲ್ಲಿಟ್ಟು ನನ್ನ ಪಕ್ಕ ಬಂದು ಕೂತರು.

"ಪೇಡೆ ಆಮೇಲಿರಲಿ. ನಾನು ಹಾಡೋದು ಹೇಗಿದೆ ಅಂತ ನಾನೇ ಇದುವರೆಗೂ ಸರಿಯಾಗಿ ಕೇಳಿಲ್ಲ ಕಣೇ. ನಿಮ್ಮ ಮಾವ ಇದ್ದಷ್ಟು ದಿನ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ರು. ಅವರು ಉಪ್ಪಿಲ್ಲದ ಸಾರಿಗೂ ಹಾಗೇ ಅಂತಿದ್ರು. ನನಗೆ ನಿಜವಾಗಿ ಹಾಡಕ್ಕೆ ಬರತ್ತೋ ಇಲ್ವೋ, ಒಂದು ಸಲ ತಿಳ್ಕೋಬೇಕು."

ಒಮ್ಮೆ ಯಾರದೋ ಮನೆಯ ಟೇಪ್ ರೆಕಾರ್ಡರಿನಲ್ಲಿ ತಮ್ಮ ಧ್ವನಿ ಕೇಳಿದ್ದರಂತೆ. ಡಬ್ಬದೊಳಗೆ ಕೂತು ಹಾಡಿದ ಹಾಗಿತ್ತಂತೆ, ಅದನ್ನು ಅವರು ನಂಬಲಿಲ್ಲ. ನಮ್ಮ ಮನೆಯ ಹಳೆಯ ರೇಡಿಯೋವಂತೂ ಗೊಗ್ಗರು ಗಂಟಲಿನದು. ಮುಳ್ಳನ್ನು ಕಷ್ಟಪಟ್ಟು ಧಾರವಾಡದ ಮೇಲೆ ತಂದು ನಿಲ್ಲಿಸಿದರೆ ಹಾಡು ಮುಗಿಯುವುದರೊಳಗೆ ಜಾರಿಹೋಗುತ್ತಿತ್ತು. ಅಂಕಿ ತೋರಿಸುವ ಡಿಜಿಟಲ್ ರೇಡಿಯೋ ಬಂದಿದೆ, ಒಮ್ಮೆ ಇಟ್ಟರೆ ಅಲ್ಲಾಡುವುದಿಲ್ಲ, ಅಂಥದ್ದೇ ಒಂದನ್ನು ಕೈಗೆಟುಕುವ ಬೆಲೆಯಲ್ಲಿ ನೋಡಿ ತನ್ನಿ ಎಂದು ನನ್ನ ಗಂಡ ಹೇಳಿದರು. ಅವರಿಗೆ ಶನಿವಾರವೂ ಡ್ಯೂಟಿ, ನನಗೆ ರಜೆ. ಹೀಗೆ ಆ ಕೆಲಸ ನನ್ನ ತಲೆಗೆ ಬಂತು.

ಆ ಶನಿವಾರ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆವು. ದಾದರಿನ ಸೇತುವೆ ಹತ್ತಿ ಇಳಿಯುವಾಗ ಅತ್ತೆ ನನ್ನ ಸೆರಗು ಬಿಟ್ಟಿರಲಿಲ್ಲ. ಮೊದಲ ಅಂಗಡಿಯವನು ಕರೀ ಬಣ್ಣದ ಒಂದು ದೊಡ್ಡ ಪೆಟ್ಟಿಗೆಯನ್ನು ಮುಂದಿಟ್ಟು, "ಮಾಜೀ, ಆವಾಜ್ ದೇಖೋ" ಎಂದು ಸದ್ದನ್ನು ಪೂರ್ತಿ ಏರಿಸಿದ. ಗಾಜಿನ ಕಪಾಟು ಅದುರಿತು. ನನಗೆ ಬಹಳ ಇಷ್ಟವಾಯಿತು.

ಅತ್ತೆ ಅವನಿಗೆ ಕೈಸನ್ನೆ ಮಾಡಿ, "ಕಮ್ ಕರೋ" ಎಂದರು. ಕಡಿಮೆ ಮಾಡಿದ. "ಔರ್ ಕಮ್." ಇನ್ನೂ ಕಡಿಮೆ ಮಾಡಿದ. ಕೊನೆಗೆ ಪಿಸುಮಾತಿನಷ್ಟಾದಾಗ ಕಪಾಟಿನ ಮೇಲೆ ಬಾಗಿ, ಕಣ್ಣು ಮುಚ್ಚಿ ಕಿವಿಗೊಟ್ಟರು. ಪ್ರಸಾರದ ಬೆಳಗ್ಗೆ ಪಕ್ಕದ ಖೋಲಿಯವನು ಆಗತಾನೇ ಮಲಗಿರುತ್ತಾನೆ, ಅವನನ್ನು ಎಬ್ಬಿಸಿ ತಾನು ಹಾಡು ಕೇಳುವುದು ಆ ತಾಯಿಯಿಂದ ಆಗದ ಮಾತು. ಸದ್ದು ಇಳಿಸಿದಾಗಲೂ ಅಕ್ಷರ ಅಕ್ಷರವಾಗಿ ಕೇಳುವ ರೇಡಿಯೋ ಅವರಿಗೆ ಬೇಕಾಗಿತ್ತು. ವಾರ್ತೆ ಓದುವವರ ಸಕಾರ, ಶಕಾರ ಬೇರೆ ಬೇರೆಯಾಗಿ ಕೇಳಬೇಕು, ಹಾಡಿನ ಹಿಂದೆ ತಂಬೂರಿ ಉಳಿದಿರಬೇಕು, ಇದು ಅವರ ಲೆಕ್ಕ.

ಮುಂದಿನ ಅಂಗಡಿಯಲ್ಲೊಂದು ಸೆಟ್ಟು ಇಳಿಸಿದ ಸದ್ದಿನಲ್ಲೂ ಜೇನಿನ ಹಾಗಿತ್ತು. ಸದ್ಯ ಮುಗಿಯಿತು ಎಂದುಕೊಂಡು ಪರ್ಸಿಗೆ ಕೈ ಹಾಕಿದೆ. ಅತ್ತೆ ಅದರಲ್ಲಿ ಒಂದು ಹಾಡು, ಇನ್ನೊಂದು ಹಾಡು, ಒಂದು ಸಾಬೂನಿನ ಜಾಹೀರಾತು ಎಲ್ಲ ಕೇಳಿ ತಲೆಯಾಡಿಸಿದರು.

"ಬೇಡ. ಇದರಲ್ಲಿ ಎಲ್ಲರೂ ಚೆನ್ನಾಗಿ ಹಾಡ್ತಾರೆ."

"ಅದಕ್ಕೇ ತಾನೇ ಅತ್ತೆ ದುಡ್ಡು ಕೊಡೋದು?" ಎಂದು ನಾನು ಸಿಡುಕಿದೆ. ಬಿಸಿಲು ನೆತ್ತಿಗೇರಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು.

"ನಿನಗೆ ಹೊಗಳೋ ಕನ್ನಡಿ ಬೇಕೇನೇ?" ಎಂದು ನಕ್ಕು, ಮುಂದಿನ ಅಂಗಡಿಯ ಮೆಟ್ಟಿಲು ಹತ್ತಿಯೇಬಿಟ್ಟರು. ಸಂಜೆಗೆ ಅವರು ಒಪ್ಪಿದ್ದು ಒಂದು ಬೂದು ಬಣ್ಣದ ಚಿಕ್ಕ ಸೆಟ್ಟು. ನೋಡಲು ಏನೂ ಇಲ್ಲ. ಹೆಸರು ಕೇಳಿರದ ಕಂಪನಿ, ಹೊರದೇಶದ ಮಾಲು, ಒಂದೇ ಸ್ಪೀಕರ್, ಸಾಧಾರಣ ಬೆಲೆ. ಆದರೆ ಪಿಸುಗುಟ್ಟಿದರೂ ಮಾತು ಸ್ಪಷ್ಟವಾಗಿ ಬರುತ್ತಿತ್ತು. ಹಗಲಿನಲ್ಲಿ ಧಾರವಾಡ ಮುಂಬಯಿಗೆ ಸಿಗುವುದಿಲ್ಲ, ಹಾಗಾಗಿ ಇಲ್ಲಿಯ ನಿಲಯವನ್ನೇ ಹಾಕಿ ನೋಡಿ ತಂದೆವು.

ಕತ್ತಲಾದ ಮೇಲೆ ಮನೆಯಲ್ಲಿ ಧಾರವಾಡ ಹುಡುಕಿದರೆ ಸಿಗಲೇ ಇಲ್ಲ. ಗುಂಡಿ ಒತ್ತಿದಾಗಲೆಲ್ಲ ಅಂಕಿ ಹತ್ತು ಹತ್ತಾಗಿ ಹಾರುತ್ತಿತ್ತು. ಧಾರವಾಡದ್ದೋ ಐದರಲ್ಲಿ ಕೊನೆಯಾಗುವ ಸಂಖ್ಯೆ. ಫಾಸ್ಟ್ ಲೋಕಲ್ ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದೆ ಓಡಿದ ಹಾಗೆ, ರೇಡಿಯೋ ಧಾರವಾಡವನ್ನು ದಾಟಿ ದಾಟಿ ಹೋಗುತ್ತಿತ್ತು. ಹಿಂದೆಯೂ ಮುಂದೆಯೂ ಬರೀ ಗೊರಗೊರ.

"ಟೋಪಿ ಹಾಕಿದ ನೋಡಿ, ನಾನು ಆಗಲೇ ಹೇಳಿದೆ" ಎಂದು ನಾನು ಕೂಗಾಡಿದೆ. ನಾನು ಹಾಗೇನೂ ಹೇಳಿರಲಿಲ್ಲ. ಮುಂದಿನ ಶನಿವಾರದವರೆಗೆ ನನಗೆ ರಜೆ ಸಿಗುವಂತಿರಲಿಲ್ಲ, ಆ ಶನಿವಾರದ ಮರುದಿನವೇ ಪ್ರಸಾರ. ಅತ್ತೆ ಆ ರಾತ್ರಿ ಊಟ ಬೇಡವೆಂದರು. ನನ್ನ ಕೋಪವೆಲ್ಲ ಇಳಿದು, ಪಾಪ ಅನ್ನಿಸಿತು.

ಸೋಮವಾರ ನಾನು ಆಫೀಸಿನಿಂದ ಬಂದಾಗ ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ರೇಡಿಯೋ ಪಕ್ಕದಲ್ಲಿತ್ತು.

"ಹೋಗಿದ್ದೆ" ಎಂದರು.

"ಎಲ್ಲಿಗೆ?"

"ಅಂಗಡಿಗೆ. ದಾದರಲ್ಲಿ ಒಂದು ಸಲ ತಪ್ಪು ಪ್ಲಾಟ್‌ಫಾರ್ಮಿಗೆ ಇಳಿದೆ. ಮೀನು ಮಾರೋಳೊಬ್ಬಳು ಕೈ ಹಿಡ್ಕೊಂಡು ದಾಟಿಸಿದ್ಲು."

ಕುರ್ಲಾ ಮಾರ್ಕೆಟ್ಟಿನಾಚೆ ಒಬ್ಬರೇ ಕಾಲಿಡದವರು, ಹರಕುಮುರುಕು ಹಿಂದಿಯವರು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಅಂಗಡಿಯವನು ಮೊದಲು ಗೊಣಗಿದನಂತೆ. ಇವರು ಅಂಕಿ ಹಾರುವುದನ್ನು ಬೆರಳಿಟ್ಟು ತೋರಿಸಿ, ಅಲ್ಲೇ ಸ್ಟೂಲಿನ ಮೇಲೆ ಕೂತರಂತೆ. ಕೊನೆಗೆ ಬ್ಯಾಟರಿಯ ಮುಚ್ಚಳ ತೆಗೆದು ನೋಡಿದಾಗ ಒಳಗೊಂದು ಪುಟಾಣಿ ಸ್ವಿಚ್ಚು ಸಿಕ್ಕಿತು. ಅದನ್ನು ಸರಿಸಿದರೆ ಅಂಕಿ, ನಮ್ಮ ದೇಶದ ನಿಲಯಗಳ ಲೆಕ್ಕದಂತೆ, ಒಂಬತ್ತು ಒಂಬತ್ತಾಗಿ ನಡೆದು ಸೀದಾ ಧಾರವಾಡದ ಸಂಖ್ಯೆಯ ಮೇಲೆ ನಿಲ್ಲುತ್ತಿತ್ತು.

"ಅವನಿಗೂ ಗೊತ್ತಿರಲಿಲ್ಲ, ಪಾಪ. ಇಬ್ಬರೂ ಸೇರಿ ಹುಡುಕಿದ್ವಿ. ಚಹಾ ಕೊಟ್ಟ" ಎಂದು ಹೇಳಿ ಸೊಪ್ಪು ತೊಳೆಯಲು ಎದ್ದರು. ನಾನಾಗಿದ್ದರೆ ಆ ಅಂಗಡಿಯಲ್ಲಿ ರಂಪ ಮಾಡಿ, ಪೆಟ್ಟಿಗೆಯನ್ನು ಬಿಸಾಕಿ ಬಂದಿರುತ್ತಿದ್ದೆ.

ಆ ಭಾನುವಾರ ಇನ್ನೂ ಬೆಳಕು ಹರಿದಿರಲಿಲ್ಲ. ಅಡುಗೆ ಕಟ್ಟೆಯ ಮೇಲೆ ಮಡಿಸಿದ ಟವೆಲ್ಲು, ಅದರ ಮೇಲೆ ರೇಡಿಯೋ. ಹಲಗೆಯಾಚೆ ಪಕ್ಕದವನ ಗೊರಕೆ ಕೇಳುತ್ತಿತ್ತು. ಅತ್ತೆ ಸದ್ದನ್ನು ಆದಷ್ಟು ಇಳಿಸಿದರು. ನಾವು ಮೂವರೂ ತಲೆಗೆ ತಲೆ ತಾಗಿಸಿ ಬಾಗಿದೆವು. ರೇಡಿಯೋದಲ್ಲಿ ಅತ್ತೆಯ ಹೆಸರು ಹೇಳಿದರು. ಆಮೇಲೆ ತಂಬೂರಿ, ಅದರ ಮೇಲೆ ಅವರ ಧ್ವನಿ. ಅಷ್ಟು ವರ್ಷ ಕುಕ್ಕರಿನ ಕೂಗಿನಡಿ ಅಡಗಿದ್ದ ಗಂಟಲು ಇದೇನಾ ಅನ್ನಿಸಿತು. ಒಂದೊಂದು ಮಾತೂ ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಗಂಡ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಎರಡನೇ ಹಾಡೂ ಮುಗಿಯಿತು. ಅತ್ತೆಯ ಮುಖ ಬಿಗಿದುಕೊಂಡಿತ್ತು. "ಅಮ್ಮ, ಎಷ್ಟು ಚೆನ್ನಾಗಿ..." ಎಂದು ಮಗ ಶುರುಮಾಡಿದರೆ, ಸುಮ್ಮನಿರು ಎಂದು ಕೈ ಎತ್ತಿದರು.

"ಎರಡನೇ ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋಗ್ತಾ ಸ್ವಲ್ಪ ಕೆಳಗೇ ನಿಂತುಬಿಟ್ಟೆ. ಕೇಳಿಸ್ತಾ?"

"ನನಗೇನೂ ಕೇಳಿಸಲಿಲ್ಲ ಅತ್ತೆ" ಎಂದೆ. ನಿಜವಾಗಿಯೂ ಕೇಳಿಸಿರಲಿಲ್ಲ.

"ನನಗೆ ಕೇಳಿಸ್ತು. ಇದು ಅದನ್ನೂ ಮುಚ್ಚಿಡಲಿಲ್ಲ." ರೇಡಿಯೋ ಆರಿಸಿ, ಸೆರಗಿನಿಂದ ಅದರ ಮೈಯನ್ನೊಮ್ಮೆ ಒರೆಸಿದರು. ಆಮೇಲೆ ಪಕ್ಕದವನಿಗೆ ಎಚ್ಚರವಾಗದಷ್ಟು ಮೆಲ್ಲಗೆ ಹೇಳಿದರು.

"ಹಾಗಾದ್ರೆ ಉಳಿದದ್ದೆಲ್ಲ ನಿಜ. ನನಗೆ ಹಾಡಕ್ಕೆ ಬರತ್ತೆ ಕಣೇ."