ಲೈನ್ ಎಂಬ ಶಬ್ದವೂ ನನ್ನ ಹಾಜರಿ ಪುಸ್ತಕವೂ

ಕೊಡಗಿನ ಮಾದಾಪುರದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮಾತಿನಲ್ಲಿ ಇಂಗ್ಲಿಷ್ ಬೆರೆಸುವ ಮಕ್ಕಳನ್ನು ಎದ್ದು ನಿಲ್ಲಿಸಿ ಬುದ್ಧಿ ಹೇಳುತ್ತಿದ್ದೆ. ಅಂಥವಳು ಮೊನ್ನೆ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ‘ಲೈನ್’ ಎನ್ನುವ ಒಂದೇ ಶಬ್ದವನ್ನು ಎಷ್ಟು ಸಲ ಆಡಿದೆನೋ, ನೆನೆದರೆ ನಾಚಿಕೆಯಾಗುತ್ತದೆ.

ತೋಟದ ಸಿಲ್ವರ್ ಓಕ್ ಮರದ ಕೊಂಬೆ ಕರೆಂಟ್ ಲೈನಿನ ಮೇಲೆ ಬಿದ್ದಿತ್ತು. ಲೈನ್‌ಮನ್ನಿಗೆ ಫೋನ್ ಮಾಡಿದರೆ ಲೈನ್ ಸಿಗಲಿಲ್ಲ. ರೇಷನ್ ಅಂಗಡಿಯ ಮುಂದೆ ಲೈನಿನಲ್ಲಿ ನಿಂತಾಗ ಪಕ್ಕದ ಮನೆಯಾಕೆಗೆ, “ನಿಮ್ಮ ಮಗ ಈಗ ಲೈನಿಗೆ ಬಂದಿದ್ದಾನೆ ಬಿಡಿ” ಎಂದು ಸಮಾಧಾನ ಹೇಳಿದೆ. ಅವನು ಮೊದಲು ಯಾರಿಗೆ ಲೈನ್ ಹೊಡೆದುಕೊಂಡು ತಿರುಗುತ್ತಿದ್ದ ಎಂಬುದನ್ನು ಮಾತ್ರ ಹೇಳಲಿಲ್ಲ.

ಮನೆಗೆ ಬಂದು ನಿಘಂಟು ತೆಗೆದೆ. ಬಲು ಹಳೆಯ ಶಬ್ದ. ಬೇರು ಹುಡುಕುತ್ತ ಹೋದರೆ ಅಗಸೆಯ ನಾರಿನ ದಾರ ಸಿಗುತ್ತದೆ. ದಾರ ಎಳೆದರೆ ಗೆರೆ, ಗೆರೆಯ ಮೇಲೆ ಜನರನ್ನು ನಿಲ್ಲಿಸಿದರೆ ಸಾಲು. ನಮ್ಮಲ್ಲಿ ಹೊಸ ಕಾಫಿ ಗಿಡ ನೆಡುವ ಮೊದಲು ಹಗ್ಗ ಎಳೆದು ಗೂಟ ಹೊಡೆಯುವುದಕ್ಕೆ ಈಗಲೂ ಲೈನಿಂಗ್ ಎನ್ನುತ್ತಾರೆ. ಇಂಗ್ಲಿಷಿನ ಹಳೇ ಹಗ್ಗ ನಮ್ಮ ತೋಟದಲ್ಲಿ ಇನ್ನೂ ಗಟ್ಟಿಯಾಗಿದೆಯಲ್ಲ ಎಂದು ನನಗೇಕೋ ಹೆಮ್ಮೆಯಾಯಿತು.

ಆದರೆ ಕೊಡಗಿನವರಿಗೆ ಲೈನ್ ಎಂದ ಕೂಡಲೇ ಹೊಳೆಯುವ ಅರ್ಥ ನನ್ನ ಪುಟ್ಟ ನಿಘಂಟಿನಲ್ಲಿ ಇರಲಿಲ್ಲ. ತೋಟದ ಕೆಲಸದವರಿಗೆ ಒಂದೇ ಮಾಡಿನ ಕೆಳಗೆ, ಗೋಡೆಗೆ ಗೋಡೆ ಅಂಟಿಸಿ ಕಟ್ಟಿಸಿದ ಮನೆಗಳೇ ಲೈನು. ಅಂಥ ಒಂದು ಲೈನಿನಿಂದ ಅದೇ ಸಂಜೆ ರತ್ನಮ್ಮ ಮತ್ತು ಅವಳ ಮಗಳು ದಿವ್ಯಾ ಬಂದರು. ದಿವ್ಯಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಮಡಿಕೇರಿಯಲ್ಲಿ ನರ್ಸು. ಕೊಡ್ಲಿಪೇಟೆಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಪ್ರೆಸ್ಸಿಗೆ ಕೊಡುವ ಮೊದಲು ಕರೆಯೋಲೆಯ ತಪ್ಪು ತಿದ್ದಿಸಲು ಬಂದಿದ್ದರು.

ವಿಳಾಸದಲ್ಲಿ ‘ಲೈನ್ ಮನೆ’ ಎಂದಿತ್ತು. ಗಂಡಿನ ಕಡೆಯವರ ಕಣ್ಣಿಗೆ ಬೀಳುವುದು ಬೇಡವೆಂದು ನಾನೇ ಅದನ್ನು ಹೊಡೆದುಹಾಕಿ ‘ಶ್ರೀನಿಲಯ’ ಎಂದು ಬರೆದೆ. ಉಪಕಾರ ಮಾಡಿದೆನೆಂಬ ಭ್ರಮೆ ಬೇರೆ.

ರತ್ನಮ್ಮ ನಕ್ಕಳು. “ಅದ್ಯಾರ ಮನೆ ಟೀಚರೇ? ನೆಂಟರು ಬಸ್ಸಿಳಿದು ಕೇಳ್ಕೊಂಡು ಅಲ್ಲಿಗೇ ಹೋಗಿ ಕೂತ್ರೆ?”

“ದಿವ್ಯಾಗೆ ಬೇಜಾರಾಗಬಾರದು ಅಂತ ಬರೆದೆ,” ಎಂದೆ.

“ವಿಳಾಸ ಇರ್ಲಿ ಟೀಚರ್,” ಎಂದಳು ದಿವ್ಯಾ. “ಬೇಜಾರು ಅದಕ್ಕಲ್ಲ. ನಾನು ಮದ್ವೆ ಆಗೋರ ಅತ್ತಿಗೆ ನಮ್ಮ ಶಾಲೇಲೇ ಓದಿದ್ದು. ನೋಡಿದ ಕೂಡ್ಲೆ ಎಲ್ರ ಎದುರಿಗೆ ‘ಓ, ಲೈನ್ ದಿವ್ಯಾ’ ಅಂದ್ರು. ಆ ಮನೇಲೂ ಅದೇ ಹೆಸ್ರು ನಿಂತುಬಿಡುತ್ತೇನೋ ಅಂತ ಹೆದ್ರಿಕೆ.”

“ಯಾರು ಇಟ್ಟರು ನಿನಗೆ ಆ ಹೆಸರು?” ನನಗೆ ಸಿಟ್ಟೇ ಬಂದಿತ್ತು.

“ನೀವೇ ಟೀಚರ್. ಹಾಜರಿ ಕರೆಯುವಾಗ.”

ಅವಳ ದನಿಯಲ್ಲಿ ದೂರಿರಲಿಲ್ಲ. ನನಗೆ ಆ ಹಾಜರಿ ಪುಸ್ತಕ ನೆನಪಾಯಿತು. ಆ ತರಗತಿಯಲ್ಲಿ ದಿವ್ಯಾ ಎಂಬವರು ಇಬ್ಬರಿದ್ದರು. ಗುರುತಿಗೆಂದು ಹಾಜರಿ ಪುಸ್ತಕದಲ್ಲಿ ಒಬ್ಬಳ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ‘ಲೈನ್’ ಎಂದು ಬರೆದುಕೊಂಡು ಹಾಗೆಯೇ ಕರೆಯುತ್ತಿದ್ದೆ. ಪೇಟೆಯ ದಿವ್ಯಾಳ ಪಕ್ಕ ಏನೂ ಬರೆದಿರಲಿಲ್ಲ. ಅವಳು ಬರೀ ದಿವ್ಯಾ. ಇನಿಷಿಯಲ್ ಹಿಡಿದು ಕರೆಯಬಹುದಿತ್ತು, ಹೊಳೆಯಲೇ ಇಲ್ಲ.

“ತಪ್ಪಾಯ್ತು ಕಣೇ,” ಎಂದೆ.

“ಮದುವೆಗೆ ಬರ್ತೀರಲ್ಲ, ಅವ್ರೆಲ್ಲರ ಎದುರಿಗೆ ನನ್ನ ಬರೀ ದಿವ್ಯಾ ಅಂತ ಕರೀರಿ. ಟೀಚರ್ ಕರೆದ್ರೆ ಅವ್ರೂ ಹಂಗೇ ಕರೀತಾರೆ.”

ಆಗಲಿ ಎಂದೆ. ಲೈನ್ ಮನೆಯನ್ನು ಮತ್ತೆ ವಿಳಾಸದಲ್ಲಿ ಬರೆದುಕೊಟ್ಟೆ. ಅದು ಸುಲಭ, ಪೆನ್ನಿನ ಕೆಲಸ. ಬಾಯಿಯ ರೂಢಿ ತಿದ್ದುವುದು ಅಷ್ಟು ಸುಲಭವಲ್ಲ. ಅವರು ಹೋದ ಮೇಲೆ ಯಜಮಾನರು ಒಳಗಿನಿಂದ, “ಯಾರು ಬಂದಿದ್ದು?” ಎಂದು ಕೇಳಿದರು.

“ದಿವ್ಯಾ,” ಎಂದೆ.

“ಯಾವ ದಿವ್ಯಾ?”

ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು, “ನನ್ನ ವಿದ್ಯಾರ್ಥಿನಿ,” ಎಂದೆ.